ಬಾತ್‌ರೂಮಿಗೆ 12 ವೋಲ್ಟ್ ಫ್ಯಾನ್: ಮನೆ ಕರೆಂಟಿಗೆ ಸೇರಿಸುವುದು ಹೇಗೆ?

ಮಡಿಕೇರಿ ಹೋಂಸ್ಟೇ

ಎಲ್ಲರಿಗೂ ನಮಸ್ಕಾರ. ನಮ್ಮ ಹೋಂಸ್ಟೇಯಲ್ಲಿ ಎರಡು ಬಾತ್‌ರೂಮುಗಳಿಗೆ ಬಿಸಿಲೇ ಬೀಳುವುದಿಲ್ಲ. ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೂ ಸೀಲಿಂಗ್ ತುಂಬ ಕಪ್ಪು ಬೂಷ್ಟು. ಪೇಂಟ್ ಹೊಡೆಸಿದರೂ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ನೆಂಟರೊಬ್ಬರ ಆಫೀಸಿನಲ್ಲಿ ಹಳೇ ಕಂಪ್ಯೂಟರ್‌ಗಳನ್ನು ಗುಜರಿಗೆ ಹಾಕುವಾಗ ಬಿಚ್ಚಿದ ನಾಲ್ಕು ಫ್ಯಾನ್ ನನ್ನ ಹತ್ತಿರ ಇವೆ. ಎಲ್ಲವೂ 12 ಸೆಂಟಿಮೀಟರ್ ಅಳತೆ. ಲೇಬಲ್ ಮೇಲೆ 12 ವೋಲ್ಟ್ ಡಿಸಿ, 0.35 ಆಂಪಿಯರ್ ಎಂದಿದೆ. ಬಾತ್‌ರೂಮಿಗೆ ಎರಡೆರಡು ಹಾಕಿ, ಲೈಟಿನ ಸ್ವಿಚ್ಚಿಗೇ ಕೊಡಬೇಕು ಎಂದುಕೊಂಡಿದ್ದೇನೆ. ಏನು ತರಬೇಕು, ಏನು ಮಾಡಬಾರದು ಹೇಳಿ. ಗೋಡೆಯಲ್ಲಿ ರಂಧ್ರ ಕೊರೆಯುವ ಮೊದಲೇ ಕೇಳುತ್ತಿದ್ದೇನೆ.

ವಿರಾಜಪೇಟೆ ವೈರ್‌ಮನ್

ಮೊದಲು ಕೇಳಿದ್ದು ಒಳ್ಳೆಯದಾಯಿತು. ಆ ಫ್ಯಾನಿನ ಎರಡು ವೈರನ್ನು ನೇರವಾಗಿ ಸ್ವಿಚ್ಚಿಗೆ ಕೊಟ್ಟರೆ ಆನ್ ಮಾಡಿದ ಕ್ಷಣವೇ ಒಳಗಿನ ಚಿಪ್ ಸುಡುತ್ತದೆ. ಮನೆಗೆ ಬರುವುದು 230 ವೋಲ್ಟ್ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಅದರ ಅಲೆಯ ತುದಿ 325 ವೋಲ್ಟ್ ಮುಟ್ಟುತ್ತದೆ. ನಿಮ್ಮ ಫ್ಯಾನಿಗೆ ಬೇಕಾಗಿರುವುದು 12 ವೋಲ್ಟ್ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್. ನಡುವೆ ಅಡಾಪ್ಟರ್ ಬೇಕೇ ಬೇಕು.

ಮನೆಯಲ್ಲಿ ಹಳೇ ವೈಫೈ ರೂಟರ್ ಅಥವಾ ಸೆಟ್‌ಟಾಪ್ ಬಾಕ್ಸ್ ಅಡಾಪ್ಟರ್ ಇದ್ದರೆ ತೆಗೆದು ನೋಡಿ. ಇನ್‌ಪುಟ್ ಬಿಡಿ, ಔಟ್‌ಪುಟ್ ಎನ್ನುವ ಸಾಲು ಓದಿ. ಅಲ್ಲಿ 12 ವೋಲ್ಟ್ ಇರಬೇಕು, ಪಕ್ಕದಲ್ಲಿ ಡಿಸಿ ಗುರುತು ಇರಬೇಕು. ಒಂದು ನೇರ ಗೆರೆ, ಅದರ ಕೆಳಗೆ ತುಂಡು ಗೆರೆಗಳು, ಅದೇ ಡಿಸಿ. ಅಲೆಯಂಥ ಗೆರೆ ಇದ್ದರೆ ಅದು ಎಸಿ ಔಟ್‌ಪುಟ್. ಅಂಥವೂ ಇವೆ, ಅದರಲ್ಲಿ ಈ ಫ್ಯಾನ್ ಓಡುವುದಿಲ್ಲ. ಕೈಗೆ ಭಾರ ಅನಿಸುವ, ಒಳಗೆ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಅಡಾಪ್ಟರ್‌ಗಳ ಬಗ್ಗೆಯೂ ಹುಷಾರು. 12 ಎಂದು ಬರೆದಿದ್ದರೂ ಲೋಡ್ ಇಲ್ಲದಾಗ 16-17 ವೋಲ್ಟ್ ತೋರಿಸುತ್ತವೆ.

ಇನ್ನು ಆಂಪಿಯರ್. ನಾಲ್ಕು ಫ್ಯಾನ್ ಸೇರಿ 1.4 ಆಂಪಿಯರ್. ತಿರುಗಲು ಶುರುವಾಗುವಾಗ ಸ್ವಲ್ಪ ಜಾಸ್ತಿ ಎಳೆಯುತ್ತವೆ. 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಸಾಕು. ಮುಂದೆ ಇನ್ನೊಂದು ಫ್ಯಾನ್ ಸೇರಿಸುವ ಯೋಚನೆ ಇದ್ದರೆ 3 ಆಂಪಿಯರ್ ತನ್ನಿ.

ನಾಪೋಕ್ಲು ಹೊಸಬ

5 ಆಂಪಿಯರ್ ಅಡಾಪ್ಟರ್ ಹಾಕಿದರೆ ಸಣ್ಣ ಫ್ಯಾನಿಗೆ ಜಾಸ್ತಿ ಕರೆಂಟ್ ನುಗ್ಗಿ ಸುಟ್ಟುಹೋಗುವುದಿಲ್ವಾ?

ವಿರಾಜಪೇಟೆ ವೈರ್‌ಮನ್

ಇಲ್ಲ. ಹಂಡೆ ತುಂಬ ನೀರಿದ್ದರೂ ಚೊಂಬಿನಲ್ಲಿ ಹಿಡಿಯುವಷ್ಟೇ ಅಲ್ವಾ ಬರುವುದು. ವೋಲ್ಟ್ ಸರಿಯಾಗಿ ಹೊಂದಬೇಕು. ಆಂಪಿಯರ್ ಕಡಿಮೆ ಇರಬಾರದು, ಜಾಸ್ತಿ ಇದ್ದರೆ ಫ್ಯಾನಿಗೆ ತೊಂದರೆ ಇಲ್ಲ. ಆದರೆ ವೈರಿಗೆ ತೊಂದರೆ ಆಗಬಹುದು. ದೊಡ್ಡ ಅಡಾಪ್ಟರ್ ಇದ್ದು ತೆಳು ವೈರ್ ಶಾರ್ಟ್ ಆದರೆ ವೈರ್ ಕಾದು ಕರಗುತ್ತದೆ. 12 ವೋಲ್ಟಿಗೆ ಶಾಕ್ ಹೊಡೆಯುವುದಿಲ್ಲ, ನಿಜ. ಬೆಂಕಿ ಹಚ್ಚಲು 12 ವೋಲ್ಟ್ ಧಾರಾಳ ಸಾಕು. ಅದಕ್ಕೇ ಡಿಸಿ ಕಡೆಗೂ ಒಂದು ಫ್ಯೂಸ್ ಇರಲಿ. ಇವರ ನಾಲ್ಕು ಫ್ಯಾನಿಗೆ 2 ಆಂಪಿಯರ್ ಗಾಜಿನ ಫ್ಯೂಸ್, ಅಡಾಪ್ಟರಿನ ಪಕ್ಕದಲ್ಲೇ, ಪ್ಲಸ್ ವೈರಿನಲ್ಲಿ.

ಹಳೇ ರೇಡಿಯೋ

ಇಷ್ಟೆಲ್ಲ ಯಾಕೆ? ನಮ್ಮ ಕಾಲದಲ್ಲಿ ಒಂದು ಕೆಪಾಸಿಟರ್, ನಾಲ್ಕು ಡಯೋಡ್ ಹಾಕಿ 230ರಿಂದಲೇ ಸಣ್ಣ ಸಾಮಾನು ಓಡಿಸುತ್ತಿದ್ದೆವು. ಹತ್ತಿಪ್ಪತ್ತು ರೂಪಾಯಿಯಲ್ಲಿ ಮುಗಿಯುತ್ತಿತ್ತು. ಈಗಿನ ಅಗ್ಗದ ಎಲ್‌ಇಡಿ ಬಲ್ಬಿನ ಒಳಗೂ ಅದೇ ಇರುವುದು.

ಗೋಣಿಕೊಪ್ಪ ಡಿಪ್ಲೊಮಾ

ಹಿರಿಯರೇ, ಬಲ್ಬಿನ ಒಳಗೆ ಇರಬಹುದು. ಅದಕ್ಕೆ ಪೂರ್ತಿ ಪ್ಲಾಸ್ಟಿಕ್ ಮುಚ್ಚಳ ಇದೆ, ಬೆರಳು ಹೋಗುವುದಿಲ್ಲ. ಬಾತ್‌ರೂಮಿನ ಫ್ಯಾನಿಗೆ ಅದನ್ನು ಮಾಡಿದರೆ ಪ್ರಾಣಕ್ಕೇ ಅಪಾಯ.

ಲೆಕ್ಕವನ್ನೇ ನೋಡಿ. 230 ವೋಲ್ಟ್ 50 ಹರ್ಟ್ಸ್‌ನಲ್ಲಿ 1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬಿಡುವ ಕರೆಂಟ್ ಸುಮಾರು 72 ಮಿಲಿಆಂಪಿಯರ್. 350 ಮಿಲಿಆಂಪಿಯರ್ ಫ್ಯಾನಿಗೆ ಹತ್ತಿರ ಹತ್ತಿರ 5 ಮೈಕ್ರೊಫ್ಯಾರಡ್ ಬೇಕು, ಅದೂ ಮನೆಗೆ ಬರುವ ಕರೆಂಟಿಗೆ, ಅಂದರೆ ಎಸಿ ಮೇನ್ಸ್‌ಗೆಂದೇ ಮಾಡಿದ ಕೆಪಾಸಿಟರ್. ಹತ್ತಿಪ್ಪತ್ತು ರೂಪಾಯಿಯ ಮಾತು ಅಲ್ಲಿಗೇ ಮುಗಿಯಿತು. ಮುಖ್ಯ ಸಮಸ್ಯೆ ಬೇರೆ. ಈ ವಿಧಾನದಲ್ಲಿ ಮೇನ್ಸಿಗೂ ಫ್ಯಾನಿಗೂ ನಡುವೆ ಬೇರ್ಪಡಿಕೆಯೇ ಇಲ್ಲ. ಫ್ಯಾನಿನ ತುದಿಗಳ ನಡುವೆ ಮೀಟರ್ ಇಟ್ಟರೆ 12 ತೋರಿಸುತ್ತದೆ. ಅದೇ ವೈರನ್ನು ಒದ್ದೆ ನೆಲದ ಮೇಲೆ ನಿಂತು ಮುಟ್ಟಿದರೆ 230 ಹೊಡೆಯಬಹುದು. ಫ್ಯಾನ್ ವೈರ್ ಕಳಚಿದರೆ ಆ 12 ಕೂಡ ನಿಲ್ಲುವುದಿಲ್ಲ, ನೂರಾರು ವೋಲ್ಟಿಗೆ ಏರುತ್ತದೆ. ಸರಿಯಾದ ಅಡಾಪ್ಟರಿನಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಒಂದು ಎರಡೂ ಕಡೆಯನ್ನು ಬೇರೆ ಮಾಡಿರುತ್ತದೆ. ನಾವು ದುಡ್ಡು ಕೊಡುವುದೇ ಆ ಬೇರ್ಪಡಿಕೆಗೆ.

ಅಡಾಪ್ಟರ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ. ಸಾಮಾನ್ಯವಾಗಿ ಐಎಸ್ 13252 ಎಂದೂ, ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರುತ್ತವೆ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಗೊತ್ತಾಗುತ್ತದೆ. ಒಂದರೊಳಗೊಂದು ಎರಡು ಚೌಕದ ಚಿಹ್ನೆ ಇದ್ದರೆ ಅದು ಡಬಲ್ ಇನ್ಸುಲೇಷನ್, ಅರ್ತ್ ಪಿನ್ ಬೇಡ. ಸಂತೆಯಲ್ಲಿ ಸಿಗುವ ಹೆಸರಿಲ್ಲದ ಹಗುರ ಅಡಾಪ್ಟರ್ ಬೇಡ. ಒಳಗೆ ಏನಿದೆ ಎಂದು ಬಿಚ್ಚುವವರೆಗೂ ಗೊತ್ತಾಗುವುದಿಲ್ಲ.

ಹಳೇ ರೇಡಿಯೋ

ಸರಿ ಮಾರಾಯ, ಒಪ್ಪಿದೆ. ಬಾತ್‌ರೂಮ್ ಅಂದಮೇಲೆ ನೀನು ಹೇಳುವುದು ಸರಿ. ಆದರೆ ಒಂದು ಕೇಳುತ್ತೇನೆ. ಅಂಗಡಿಯಲ್ಲಿ 230 ವೋಲ್ಟಿನ 6 ಇಂಚು ಎಕ್ಸಾಸ್ಟ್ ಫ್ಯಾನ್ ರೆಡಿ ಸಿಗುತ್ತದೆ. ಅದನ್ನು ತಂದು ಹಾಕಿದರೆ ಈ ಚರ್ಚೆಯೇ ಬೇಡ ಅಲ್ವಾ?

ಮಡಿಕೇರಿ ಹೋಂಸ್ಟೇ

ಅದನ್ನೂ ಯೋಚಿಸಿದೆ. ಒಂದು ಬಾತ್‌ರೂಮಿನ ವೆಂಟಿಲೇಟರ್ ಇರುವುದು ಶವರ್ ತಲೆಯ ಪಕ್ಕದಲ್ಲೇ. ಅಲ್ಲಿ 230 ಕೊಂಡೊಯ್ಯಲು ಮನಸ್ಸಿಲ್ಲ. ಇನ್ನೊಂದು ಕಾರಣ, ಮಳೆಗಾಲದಲ್ಲಿ ಮರ ಬಿದ್ದರೆ ಇಡೀ ದಿನ ಕರೆಂಟ್ ಇರುವುದಿಲ್ಲ. ಬ್ಯಾಟರಿಯಲ್ಲೂ ಓಡಲಿ ಎನ್ನುವ ಆಸೆ.

ವಿರಾಜಪೇಟೆ ವೈರ್‌ಮನ್

ಶವರ್ ಪಕ್ಕ ಎಂದರೆ 12 ವೋಲ್ಟೇ ಸರಿ. ಆದರೆ ಅಡಾಪ್ಟರ್ ಬಾತ್‌ರೂಮಿನ ಒಳಗೆ ಬರಲೇಬಾರದು. ಹೊರಗಿನ ರೂಮಿನಲ್ಲಿ, ಸ್ವಿಚ್ ಬೋರ್ಡಿನ ಪಕ್ಕ, ಕೈಗೆ ಎಟಕುವ ಜಾಗದಲ್ಲಿ ಇಡಿ. 230 ಅಲ್ಲಿಗೇ ಕೊನೆ. ಗೋಡೆ ದಾಟಿ ಒಳಗೆ ಹೋಗುವುದು 12 ಮಾತ್ರ. ಫಾಲ್ಸ್ ಸೀಲಿಂಗಿನ ಮೇಲೆ, ಹಂಚಿನ ಕೆಳಗಿನ ಅಟ್ಟದಲ್ಲಿ ಬಚ್ಚಿಡಬೇಡಿ. ಬಿಸಿಯಾದರೂ ಕಾಣುವುದಿಲ್ಲ, ಹಲ್ಲಿ ಒಳಗೆ ಹೋಗಿ ಸತ್ತರೂ ಕಾಣುವುದಿಲ್ಲ. ಪಕ್ಕದಲ್ಲಿ ಮರದ ಪಕಾಸಿ ಬೇರೆ ಇರುತ್ತದೆ.

ಬೋರ್ಡಿಗೆ ಹೋಗುವ ಲೈನಿನಲ್ಲಿ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇದೆಯಾ ನೋಡಿ. ಇಲ್ಲದಿದ್ದರೆ ಫ್ಯಾನ್ ಇರಲಿ ಬಿಡಲಿ, ಗೀಸರ್ ಇರುವ ಮನೆಗೆ ಅದು ಬೇಕೇ ಬೇಕು. ಒಂದು ವಿಷಯ ನೆನಪಿರಲಿ. ಆರ್‌ಸಿಸಿಬಿ ಕಾಯುವುದು ಅಡಾಪ್ಟರಿನ ತನಕ ಮಾತ್ರ. 12 ವೋಲ್ಟ್ ಕಡೆ ಏನೇ ಆದರೂ ಅದಕ್ಕೆ ಗೊತ್ತಾಗುವುದಿಲ್ಲ. ಅಲ್ಲಿ ಕಾಯುವುದು ನಾನು ಹೇಳಿದ ಗಾಜಿನ ಫ್ಯೂಸ್.

ಇನ್ನೊಂದು, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. 12 ವೋಲ್ಟ್ ವೈರಿನ ತುದಿಗೆ ಮಾಮೂಲಿ ಟೂ ಪಿನ್ ಪ್ಲಗ್ ಯಾವತ್ತೂ ಹಾಕಬೇಡಿ. ಮನೆಯಲ್ಲಿ ಇದ್ದದ್ದು ಅದೇ ಎಂದು ಹಾಕುವವರು ಇದ್ದಾರೆ. ನಿಮ್ಮದು ಹೋಂಸ್ಟೇ. ಪ್ಲಗ್ ಕಂಡರೆ ಯಾರೋ ಗೆಸ್ಟ್ ಸಾಕೆಟ್ಟಿಗೆ ತುರುಕಿಯೇ ತುರುಕುತ್ತಾರೆ. ರೂಟರಿಗೆ ಇರುವಂಥ ದುಂಡು ಡಿಸಿ ಜಾಕ್ ಹಾಕಿ. ಹಾಗೆಯೇ 12 ವೋಲ್ಟ್ ವೈರನ್ನು 230 ಹೋಗುವ ಪೈಪಿನೊಳಗೆ ಎಳೆಯಬೇಡಿ, ಬೇರೆ ಪೈಪ್ ಹಾಕಿ. ಇಲಿ ಕಡಿದರೆ ಎರಡೂ ಒಂದಾಗುತ್ತವೆ.

ನಾಪೋಕ್ಲು ಹೊಸಬ

ನನ್ನ ಹತ್ತಿರ ಎಲ್‌ಇಡಿ ಸ್ಟ್ರಿಪ್ಪಿನ ಕಬ್ಬಿಣದ ಡಬ್ಬಿ ಇದೆ, ಮೇಲೆಲ್ಲ ತೂತು, ಒಂದು ಕಡೆ ಸ್ಕ್ರೂ. 12 ವೋಲ್ಟ್ 10 ಆಂಪಿಯರ್. ಅದು ಆಗುತ್ತಾ? ಮುಟ್ಟಿದರೆ ಜುಂ ಎನ್ನುತ್ತದೆ.

ಗೋಣಿಕೊಪ್ಪ ಡಿಪ್ಲೊಮಾ

ಜುಂ ಎಂದರೆ ಅರ್ತ್ ಕೊಟ್ಟಿಲ್ಲ ಎಂದರ್ಥ. ಆ ಡಬ್ಬಿಯ ಒಳಗೆ ಮೇನ್ಸಿನಿಂದ ಕವಚಕ್ಕೆ ಸಣ್ಣ ಫಿಲ್ಟರ್ ಕೆಪಾಸಿಟರ್‌ಗಳು ಇರುತ್ತವೆ. ಅರ್ತ್ ಇಲ್ಲದಿದ್ದರೆ ಕವಚ ಸುಮಾರು ಅರ್ಧ ಮೇನ್ಸ್ ವೋಲ್ಟೇಜಿನಲ್ಲಿ ತೇಲುತ್ತದೆ. ಕರೆಂಟ್ ತೀರಾ ಕಡಿಮೆ, ಅದಕ್ಕೆ ಜುಂ ಅಷ್ಟೇ. ಆದರೆ ಒಳಗೆ ನಿಜವಾಗಿಯೂ ಲೀಕ್ ಆದ ದಿನ ಅದೇ ಕವಚ ಪೂರ್ತಿ 230 ಆಗುತ್ತದೆ. ಮೂರನೇ ಸ್ಕ್ರೂವಿಗೆ ಅರ್ತ್ ಕೊಡದೆ ಅದನ್ನು ಬಳಸಲೇಬೇಡಿ. ಹಳೇ ಲೈನ್ ಮನೆಗಳಲ್ಲಿ (ತೋಟದ ಕೆಲಸಗಾರರ ಸಾಲು ಮನೆಗಳು) ಎರಡೇ ವೈರ್ ಇರುತ್ತದೆ, ಅರ್ತೇ ಇಲ್ಲ. ಅಲ್ಲಿ ಈ ಡಬ್ಬಿ ಬೇಡ, ಎರಡು ಚೌಕದ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿ. ಸ್ಕ್ರೂಗಳೂ ಹೊರಗೆ ತೆರೆದಿರುತ್ತವೆ, ಕೊಡಗಿನ ಮಳೆಗಾಲದ ತೇವಕ್ಕೆ ಅದು ಹೇಳಿ ಮಾಡಿಸಿದ್ದಲ್ಲ.

ಕೊಳ್ಳುವವರಿಗೆ ಇನ್ನೊಂದು ಮಾತು. ಎಲ್‌ಇಡಿ ಡ್ರೈವರ್ ಎಂದು ಮಾರುವುದರಲ್ಲಿ ಎರಡು ಜಾತಿ. ವೋಲ್ಟ್ ಸ್ಥಿರವಾಗಿ ಇಡುವುದು ಒಂದು, ಕರೆಂಟ್ ಸ್ಥಿರವಾಗಿ ಇಡುವುದು ಇನ್ನೊಂದು. 300 ಮಿಲಿಆಂಪಿಯರ್, 24ರಿಂದ 40 ವೋಲ್ಟ್ ಎಂದು ಬರೆದಿದ್ದರೆ ಅದು ಎರಡನೆಯದು. ಫ್ಯಾನಿಗೆ ಆಗದು.

ಸೋಮವಾರಪೇಟೆ ಅಮ್ಮ

ನಮ್ಮದೂ ಬೂಷ್ಟಿನ ಬಾತ್‌ರೂಮೇ. ಒಳಗೆ ಗ್ಯಾಸ್ ಗೀಸರ್ ಇದೆ. ಈ ಫ್ಯಾನ್ ಹಾಕಿದರೆ ಗ್ಯಾಸಿನ ವಾಸನೆಯೂ ಹೊರಗೆ ಹೋಗುತ್ತದೆ, ಒಳ್ಳೆಯದೇ ಅಲ್ವಾ?

ವಿರಾಜಪೇಟೆ ವೈರ್‌ಮನ್

ಅಮ್ಮ, ದಯವಿಟ್ಟು ಮೊದಲು ಗೀಸರ್ ಹೊರಗೆ ಹಾಕಿಸಿ. ಫ್ಯಾನ್ ಆಮೇಲೆ.

ಗೋಣಿಕೊಪ್ಪ ಡಿಪ್ಲೊಮಾ

ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಆಗ ಉರಿ ಸರಿಯಾಗಿ ಆಗದೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆಸುತ್ತು ಬರುವಷ್ಟರಲ್ಲಿ ಕೈಕಾಲಿಗೆ ಬಾಗಿಲು ತೆಗೆಯುವ ಶಕ್ತಿಯೂ ಇರುವುದಿಲ್ಲ. ನಿಮಗೆ ಬರುವ ವಾಸನೆ ಉರಿಯದ ಎಲ್‌ಪಿಜಿಗೆ ಬೆರೆಸಿದ ವಾಸನೆ, ಅದು ಬೇರೆ ವಿಷಯ. ಅದೂ ಬರುತ್ತಿದ್ದರೆ ಸಿಲಿಂಡರ್ ಬಂದ್ ಮಾಡಿ ಇವತ್ತೇ ರಿಪೇರಿಯವರನ್ನು ಕರೆಸಿ.

ಎಕ್ಸಾಸ್ಟ್ ಫ್ಯಾನ್ ಇದನ್ನು ಸರಿ ಮಾಡುವುದಿಲ್ಲ, ಕೆಲವೊಮ್ಮೆ ಹದಗೆಡಿಸುತ್ತದೆ. ಬಾಗಿಲು, ಕಿಟಕಿ ಬಿಗಿಯಾಗಿದ್ದರೆ ಫ್ಯಾನ್ ಗಾಳಿಯನ್ನು ಎಲ್ಲಿಂದಾದರೂ ಎಳೆಯಲೇಬೇಕು. ಗೀಸರಿಗೆ ಹೊಗೆ ಕೊಳವೆ ಇದ್ದರೆ ಅದರಿಂದಲೇ ಎಳೆಯುತ್ತದೆ. ಹೊರಗೆ ಹೋಗಬೇಕಾದ ಹೊಗೆ ವಾಪಸ್ ಒಳಗೆ. ಸೌದೆ ಒಲೆಯ ಅಡುಗೆಮನೆಗೆ ಅಂಟಿಕೊಂಡ ಬಾತ್‌ರೂಮಿನಲ್ಲೂ ಇದೇ ಆಗುತ್ತದೆ. ಫ್ಯಾನ್ ಹಾಕಿದ ಮೇಲೆ ಒಲೆ ಹೊಗೆ ಮನೆಯೊಳಗೆ ಜಾಸ್ತಿಯಾಯಿತು ಎನ್ನುವವರು ಇದನ್ನು ನೋಡಿಕೊಳ್ಳಿ.

ಸೋಮವಾರಪೇಟೆ ಅಮ್ಮ

ಅಯ್ಯೋ, ಇದು ಯಾರೂ ಹೇಳಿರಲಿಲ್ಲ. ಇವತ್ತಿನಿಂದ ಅದನ್ನು ಹಚ್ಚುವುದಿಲ್ಲ. ಸೌದೆ ಹಂಡೆ ಹಿತ್ತಲಲ್ಲಿ ಇದೆ, ಅದರಲ್ಲೇ ನೀರು ಕಾಯಿಸುತ್ತೇವೆ. ಗೀಸರನ್ನು ಹೊರಗಿನ ಗೋಡೆಗೆ ಹಾಕಿಸುತ್ತೇವೆ.

ಸುಂಟಿಕೊಪ್ಪ ತೋಟದವ

ನನ್ನ ಪ್ರಶ್ನೆ ಬೇರೆ. ಕಾಫಿ ಗೋದಾಮಿಗೆ ಇಂಥ ಫ್ಯಾನ್ ಹಾಕಿದರೆ ಮಳೆಗಾಲದಲ್ಲಿ ಚೀಲ ತೇವ ಎಳೆಯುವುದು ನಿಲ್ಲುತ್ತದಾ? ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದು ಒಣಗಿಸಿದ ಕಾಫಿ) 10 ಪರ್ಸೆಂಟ್ ತೇವಕ್ಕೆ, ರೋಬಸ್ಟಾ ಚೆರಿ (ಹಣ್ಣನ್ನು ಹಾಗೇ ಒಣಗಿಸಿದ್ದು) 11ಕ್ಕೆ ಒಣಗಿಸಿ ಇಟ್ಟಿದ್ದೆ. ರೇಟಿಗೆ ಕಾದು ಕೂತರೆ ಆಗಸ್ಟಿನಲ್ಲಿ ಮುಗ್ಗಲು ವಾಸನೆ.

ಗೋಣಿಕೊಪ್ಪ ಡಿಪ್ಲೊಮಾ

ಬಾತ್‌ರೂಮಿಗೂ ಗೋದಾಮಿಗೂ ವ್ಯತ್ಯಾಸ ಇದೆ. ಬಾತ್‌ರೂಮಿನಲ್ಲಿ ಬಿಸಿ ಹಬೆ ಇರುತ್ತದೆ, ಹೊರಗಿನ ಗಾಳಿ ಎಷ್ಟೇ ತೇವ ಇದ್ದರೂ ಅದಕ್ಕಿಂತ ವಾಸಿ. ಗೋದಾಮಿನಲ್ಲಿ ಹಾಗಲ್ಲ. 20 ಡಿಗ್ರಿಯ ಗಾಳಿ ಪೂರ್ತಿ ತುಂಬಿದರೆ ಒಂದು ಘನ ಮೀಟರಿನಲ್ಲಿ ಸುಮಾರು 17 ಗ್ರಾಂ ನೀರು ಹಿಡಿಯುತ್ತದೆ. 25 ಡಿಗ್ರಿಯಲ್ಲಿ ಸುಮಾರು 23 ಗ್ರಾಂ. ಜುಲೈ ಮಳೆಯಲ್ಲಿ ಹೊರಗೆ 20 ಡಿಗ್ರಿ, 95 ಪರ್ಸೆಂಟ್ ಎಂದಿಟ್ಟುಕೊಳ್ಳಿ. ಅಂದರೆ 16 ಗ್ರಾಂ ಚಿಲ್ಲರೆ. ನಿಮ್ಮ ಗೋದಾಮಿನ ಒಳಗೆ 21 ಡಿಗ್ರಿ, 75 ಪರ್ಸೆಂಟ್ ಇದ್ದರೆ 14 ಗ್ರಾಂ ಕೂಡ ಇಲ್ಲ. ಆಗ ಫ್ಯಾನ್ ಹಾಕಿದರೆ ದುಡ್ಡು ಕೊಟ್ಟು ನೀರನ್ನು ಒಳಗೆ ತಂದಂತೆ.

ಒಳಗೊಂದು ಹೊರಗೊಂದು ಡಿಜಿಟಲ್ ತೇವಮಾಪಕ ತೂಗುಹಾಕಿ. ಹೊಳವಾದ (ಮಳೆ ಬಿಟ್ಟ) ದಿನ ನೋಡಿಕೊಂಡು ಫ್ಯಾನ್ ಹಾಕಿ, ಮಳೆ ಹಿಡಿದರೆ ಬಂದ್ ಮಾಡಿ ಬಾಗಿಲು ಮುಚ್ಚಿ. ಟೈಮರಿಗೆ ಬಿಟ್ಟು ಮರೆಯುವ ಕೆಲಸ ಇದಲ್ಲ.

ಸುಂಟಿಕೊಪ್ಪ ತೋಟದವ

ಅದಕ್ಕೇ ಹಿರಿಯರು ಕಕ್ಕಡದಲ್ಲಿ (ಜುಲೈ-ಆಗಸ್ಟ್ ನಡುವಿನ ಜೋರು ಮಳೆಯ ತಿಂಗಳು) ಗೋದಾಮಿನ ಬಾಗಿಲು ತೆಗೆಯಲು ಬಿಡುತ್ತಿರಲಿಲ್ಲ. ಚೀಲ ಗೋಡೆಗೆ ತಾಗಿಸದೆ ಮರದ ಅಟ್ಟಣಿಗೆ ಮೇಲೆ ಇಡು ಎನ್ನುತ್ತಿದ್ದರು. ಫ್ಯಾನಿನ ದುಡ್ಡಿನಲ್ಲಿ ಹಲಗೆ ತರುತ್ತೇನೆ.

ಮಡಿಕೇರಿ ಹೋಂಸ್ಟೇ

ಬ್ಯಾಟರಿ ವಿಷಯ ಯಾರೂ ಹೇಳಲಿಲ್ಲ. ಇನ್‌ವರ್ಟರಿನ ಬ್ಯಾಟರಿ 12 ವೋಲ್ಟೇ ಅಲ್ವಾ, ಅದರ ತಲೆಯಿಂದಲೇ ಎರಡು ವೈರ್ ಎಳೆದರೆ?

ವಿರಾಜಪೇಟೆ ವೈರ್‌ಮನ್

ಎಳೆಯಬಹುದು, ಆದರೆ ನಾನು ಎಳೆಯುವುದಿಲ್ಲ. ಚಾರ್ಜ್ ಆಗುವಾಗ ಬ್ಯಾಟರಿ 14.4 ವೋಲ್ಟ್, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಕಂಪ್ಯೂಟರ್ ಫ್ಯಾನ್‌ಗಳು ಸಾಮಾನ್ಯವಾಗಿ 13.8ರ ತನಕ ತಡೆಯುತ್ತವೆ. ದೊಡ್ಡ ಭಯ ಶಾರ್ಟ್‌ನದು. 150 ಎಎಚ್ ಬ್ಯಾಟರಿ ಶಾರ್ಟ್ ಆದರೆ ನೂರಾರು ಆಂಪಿಯರ್ ಬಿಡುತ್ತದೆ, ವೈರ್ ಕೆಂಡವಾಗುತ್ತದೆ. ಹಾಗೆ ಎಳೆಯಲೇಬೇಕೆಂದರೆ ಪ್ಲಸ್ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಎರಡು ಬ್ಯಾಟರಿಯ ಇನ್‌ವರ್ಟರ್ ಆದರೆ ಒಂದರಿಂದ ಮಾತ್ರ 12 ಕದಿಯಬೇಡಿ. ಒಂದು ಯಾವಾಗಲೂ ಕಡಿಮೆ ಚಾರ್ಜಿನಲ್ಲಿ ಉಳಿದು ಬೇಗ ಸಾಯುತ್ತದೆ.

ಸುಲಭ ದಾರಿ ಇದೆ. ಅಡಾಪ್ಟರನ್ನು ಇನ್‌ವರ್ಟರ್ ಲೈನಿನ ಸಾಕೆಟ್ಟಿಗೆ ಚುಚ್ಚಿ. ನಾಲ್ಕು ಫ್ಯಾನ್ ಸೇರಿ 17 ವಾಟ್. ದಿನವಿಡೀ ಓಡಿದರೂ ಅರ್ಧ ಯುನಿಟ್ ಆಸುಪಾಸು. ಇನ್‌ವರ್ಟರ್ ಇಲ್ಲದವರು ರೂಟರಿಗೆಂದು ಮಾರುವ 12 ವೋಲ್ಟ್ ಮಿನಿ ಯುಪಿಎಸ್ ಹಾಕಿ. ಒಂದೆರಡು ಫ್ಯಾನಿಗೆ ಸಾಕು.

ನಾಪೋಕ್ಲು ಹೊಸಬ

ಸ್ಪೀಡ್ ಕಡಿಮೆ ಮಾಡಲು ಸೀಲಿಂಗ್ ಫ್ಯಾನಿನ ರೆಗ್ಯುಲೇಟರ್ ಹಾಕಬಹುದಾ? ಮತ್ತೆ ನನ್ನ ಫ್ಯಾನಿಗೆ ಮೂರು ವೈರ್ ಇದೆ.

ಗೋಣಿಕೊಪ್ಪ ಡಿಪ್ಲೊಮಾ

ರೆಗ್ಯುಲೇಟರ್ ಬೇಡವೇ ಬೇಡ, ಅಡಾಪ್ಟರ್ ಹಾಳಾಗುತ್ತದೆ. ಸ್ಪೀಡ್ ಇಳಿಸುವುದಿದ್ದರೆ ಡಿಸಿ ಕಡೆ 9 ವೋಲ್ಟ್ ಅಡಾಪ್ಟರ್ ಪ್ರಯತ್ನಿಸಿ. ಹೆಚ್ಚಿನವು ಅದರಲ್ಲೂ ಶುರುವಾಗುತ್ತವೆ, ಸದ್ದೂ ಕಡಿಮೆ. ಮೂರು ವೈರಿನಲ್ಲಿ ಸಾಮಾನ್ಯವಾಗಿ ಕೆಂಪು ಪ್ಲಸ್, ಕಪ್ಪು ಮೈನಸ್, ಹಳದಿ ಸ್ಪೀಡ್ ಸಿಗ್ನಲ್. ಹಳದಿಗೆ ಟೇಪ್ ಸುತ್ತಿ ಬಿಟ್ಟುಬಿಡಿ. ನಾಲ್ಕು ವೈರಿನ ಫ್ಯಾನಿನಲ್ಲಿ ಬಣ್ಣ ಬದಲಾಗುತ್ತದೆ, ಹಳದಿಯೇ 12 ವೋಲ್ಟ್ ಇರಬಹುದು. ಅಲ್ಲಿ ಬಣ್ಣ ನಂಬದೆ ಫ್ಯಾನಿನ ಮಾಡೆಲ್ ನಂಬರ್ ಹುಡುಕಿ ನೋಡಿ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಹಿಮ್ಮುಖ ತಿರುಗುವುದಿಲ್ಲ, ಸುಮ್ನೆ ನಿಲ್ಲುತ್ತದೆ ಅಥವಾ ಹಾಳಾಗುತ್ತದೆ. ಗಾಳಿಯ ದಿಕ್ಕು ಬದಲಿಸಬೇಕಾದರೆ ಫ್ಯಾನನ್ನೇ ತಿರುಗಿಸಿ ಕೂರಿಸಿ.

ಎರಡು ಫ್ಯಾನ್ ಇದ್ದರೆ ಪ್ಯಾರಲಲ್. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. 24 ವೋಲ್ಟಿನಲ್ಲಿ ಸೀರೀಸ್ (ಒಂದರ ಹಿಂದೊಂದು) ಹಾಕುವ ಬುದ್ಧಿವಂತಿಕೆ ಬೇಡ, ಎರಡೂ ಸಮನಾಗಿ ಹಂಚಿಕೊಳ್ಳುವುದಿಲ್ಲ.

ಮಡಿಕೇರಿ ಹೋಂಸ್ಟೇ

ದೂರದ ಬಾತ್‌ರೂಮಿಗೆ ವೈರ್ ಸುಮಾರು 20 ಮೀಟರ್ ಆಗುತ್ತದೆ. ಅಲ್ಲಿ ಎರಡು ಫ್ಯಾನ್. ಯಾವ ವೈರ್ ತರಲಿ?

ವಿರಾಜಪೇಟೆ ವೈರ್‌ಮನ್

1 ಚದರ ಮಿಲಿಮೀಟರ್ ತಾಮ್ರದ್ದು ತನ್ನಿ. ಹೋಗಿ ಬರುವುದು ಸೇರಿ 40 ಮೀಟರ್, ಅದರ ರೆಸಿಸ್ಟೆನ್ಸ್ 0.7 ಓಮ್ ಆಸುಪಾಸು. ನಿಮ್ಮ 0.7 ಆಂಪಿಯರಿಗೆ ಅರ್ಧ ವೋಲ್ಟ್ ಬೀಳುತ್ತದೆ, ಪರವಾಗಿಲ್ಲ. ಸ್ಪೀಕರಿಗೆ ಹಾಕುವ ತೆಳು ವೈರ್ ಹಾಕಿದರೆ ಫ್ಯಾನ್ ಸುಸ್ತಾಗಿ ತಿರುಗುತ್ತದೆ. ಕೈಯಲ್ಲಿ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬೇಡ, ಒಂದೇ ಮಳೆಗಾಲಕ್ಕೆ ಹಸಿರು ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ) ತೊಡಿಸಿ. ಗೋಡೆಯ ಹೊರಗಿನಿಂದ ವೈರ್ ಒಳಗೆ ಬರುವ ಕಡೆ, ತೂತಿಗಿಂತ ಕೆಳಗೆ ಒಮ್ಮೆ ಇಳಿಸಿ ಮತ್ತೆ ಮೇಲೆತ್ತಿ. ನೀರು ವೈರ್ ಹಿಡಿದು ಒಳಗೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ.

ಬೋರ್ಡಿನಿಂದ ಹೊಸ ಸಾಕೆಟ್ ಎಳೆಯುವ 230 ಕೆಲಸ ಮಾತ್ರ ಲೈಸೆನ್ಸ್ ಇರುವವರ ಕೈಲಿ ಮಾಡಿಸಿ. ಅಡಾಪ್ಟರಿನಿಂದ ಈಚೆಗೆ ನೀವೇ ಮಾಡಿಕೊಳ್ಳಬಹುದು. ಏಪ್ರಿಲ್, ಮೇ ಗುಡುಗಿನ ಹೊತ್ತಿಗೆ ಅಡಾಪ್ಟರನ್ನು ಸಾಕೆಟ್ಟಿನಿಂದ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ಹಳೇ ರೇಡಿಯೋ

ಬಾಗಿಲ ಕೆಳಗೆ ಸಂದಿ ಇದೆಯೇ? ಗಾಳಿ ಒಳಗೆ ಬರಲು ಜಾಗ ಇಲ್ಲದಿದ್ದರೆ ನಿಮ್ಮ ಫ್ಯಾನ್ ಸುಮ್ನೆ ಗಿರಗಿರ ಅನ್ನುತ್ತದೆ ಅಷ್ಟೇ. ಈ ಸಣ್ಣ ಫ್ಯಾನ್‌ಗಳಿಗೆ ಒತ್ತಡ ತಡೆಯುವ ಶಕ್ತಿ ಇಲ್ಲ, ಉದ್ದ ಪೈಪಿಗೂ ಹಾಕಬೇಡಿ.

ಮಡಿಕೇರಿ ಹೋಂಸ್ಟೇ

ಒಂದಕ್ಕೆ ಇದೆ, ಇನ್ನೊಂದಕ್ಕೆ ಪೂರ್ತಿ ಬಿಗಿ. ಬಡಗಿಗೆ ಹೇಳಿ ಒಂದೂವರೆ ಸೆಂಟಿಮೀಟರ್ ಕೊಯ್ಸುತ್ತೇನೆ. ಲೈಟಿನ ಸ್ವಿಚ್ಚಿಗೆ ಕೊಡುವ ಯೋಚನೆಯನ್ನೂ ಬಿಟ್ಟೆ. ಸ್ನಾನ ಮುಗಿಸಿ ಲೈಟ್ ಆರಿಸಿದರೆ ಫ್ಯಾನೂ ನಿಲ್ಲುತ್ತದೆ, ಹಬೆ ಒಳಗೇ ಉಳಿಯುತ್ತದೆ. ಬೇರೆ ಸ್ವಿಚ್ ಹಾಕಿಸುತ್ತೇನೆ. ಹೊರಗಡೆಗೆ ಸೊಳ್ಳೆ ಜಾಲರಿ ಹಾಕಬೇಕಾ?

ವಿರಾಜಪೇಟೆ ವೈರ್‌ಮನ್

ಹಾಕಿ, ಆದರೆ ತೀರಾ ಸಣ್ಣ ಕಣ್ಣಿನದ್ದು ಬೇಡ, ಧೂಳು ಕಟ್ಟಿ ಗಾಳಿಯೇ ಹೋಗುವುದಿಲ್ಲ. ಮೇಲೊಂದು ಇಳಿಜಾರು ಪಟ್ಟಿಯ ಲೂವರ್ ಇದ್ದರೆ ಗಾಳಿಮಳೆ ಒಳಗೆ ಎರಚುವುದಿಲ್ಲ. ಶವರ್ ಪಕ್ಕದ ಫ್ಯಾನ್ ಮಾತ್ರ ಗುಜರಿಯದ್ದು ಬೇಡ, ಐಪಿ 55 (ಧೂಳು, ನೀರು ತಡೆಯುವ ದರ್ಜೆ) ಅಥವಾ ಅದಕ್ಕಿಂತ ಮೇಲಿನದ್ದು ಹೊಸದಾಗಿ ತನ್ನಿ. ಉಳಿದ ಮೂರನ್ನು ವೆಂಟಿಲೇಟರ್ ಮೇಲುಗಡೆ ಹಾಕಿಕೊಳ್ಳಿ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ಬ್ರಷ್‌ನಲ್ಲಿ ಒರೆಸಿ. ಕೈಯಲ್ಲಿ ತಿರುಗಿಸಿದಾಗ ಬಿಗಿ ಅನಿಸಿದರೆ ಎಸೆದುಬಿಡಿ, ಎಣ್ಣೆ ಹಾಕಿ ಉಳಿಸಲು ಹೋಗಬೇಡಿ.